ಗಡಿಯೇ ಹಾದಿಯಾದ ನಾಡು

ಇಂಗ್ಲೆಂಡಿಗೆ ಹೋಗಿಬಂದವರಲ್ಲಿ ಬಹುಮಂದಿ ಲಂಡನ್ ನಗರವನ್ನೂ ಆಕ್ಸ್‌ಫರ್ಡನ್ನೂ ಷೇಕ್ಸ್‌ಪಿಯರನ ಹುಟ್ಟೂರನ್ನೂ ಕಂಡು ಮರಳುತ್ತಾರೆ. ಅಲ್ಲಿಂದ ಇನ್ನಷ್ಟು ಪಶ್ಚಿಮಕ್ಕೆ ಸರಿದರೆ, ಇಂಗ್ಲೆಂಡ್ ಮುಗಿದು ವೇಲ್ಸ್ ದೇಶ ಆರಂಭವಾಗುವ ಎಡೆಯಲ್ಲಿ, ಉತ್ತರ ದಕ್ಷಿಣವಾಗಿ ಚಾಚಿಕೊಂಡ ಒಂದು ಗುಡ್ಡಗಾಡಿನ ಸೀಮೆಯಿದೆ. ಮಾರ್ಚಸ್ ಎಂಬುದು ಅದರ ಹಳೆಯ ಹೆಸರು. ಗಡಿನಾಡು ಎಂದೇ ಆ ಮಾತಿನ ಅರ್ಥ. ಕುರಿಗಳು ಮೇಯುವ ಹಸುರು ದಿಣ್ಣೆಗಳು, ಸೇಬಿನ ತೋಟಗಳು, ಕಪ್ಪು ಮರದ ಚೌಕಟ್ಟಿನ ನಡುವೆ ಬಿಳಿಯ ಗೋಡೆಗಳಿರುವ ಮನೆಗಳ ಪುಟ್ಟ ಊರುಗಳು, ಅಲ್ಲಲ್ಲಿ ಪಾಳುಬಿದ್ದ ಕೋಟೆಗಳು: ಇವಿಷ್ಟು ಅಲ್ಲಿಯ ಸಂಪತ್ತು. ಅಂಥ ಕಡೆ ರಜೆ ಕಳೆಯಹೋದವನು ಮಾಡುವುದಾದರೂ ಏನು? ಆ ಸೀಮೆಯಲ್ಲಿ ನಡೆದಾಡಿ ಬಂದ ನನಗೆ ಮಿತ್ರರು ಹಾಕಿದ ಪ್ರಶ್ನೆ ಇದು. ನಡೆಯುವುದು, ಓದುವುದು, ನದಿಯ ದಡದಲ್ಲಿ ಕೂರುವುದು ಎಂದು ನಾನು ಉತ್ತರಿಸುತ್ತೇನೆ. ಈ ಮೂರೂ ಪರಸ್ಥಳದವನಿಗೆ ಹೇಗೆ ಸಾಧ್ಯವಾದವು ಎಂಬುದೇ ಅಲ್ಲಿ ತಿಳಿಯಬೇಕಾದ ವಿಷಯ.

ಮೊದಲು ನಡಿಗೆ. ಎಂಟನೆಯ ಶತಮಾನದಲ್ಲಿ, ಅಂದರೆ 757ರಿಂದ 796ರವರೆಗೆ, ಇಂಗ್ಲೆಂಡಿನ ನಡುಭಾಗದ ಮರ್ಸಿಯ ರಾಜ್ಯವನ್ನು ಆಫ ಎಂಬ ದೊರೆ ಆಳುತ್ತಿದ್ದ. ವೇಲ್ಸ್‌ನವರನ್ನು ದೂರವಿಡಲೆಂದು ಅವನು ಬೆಟ್ಟ ಕಣಿವೆಗಳನ್ನು ಲೆಕ್ಕಿಸದೆ ಉದ್ದಕ್ಕೂ ಒಂದು ಕಂದಕವನ್ನು ತೋಡಿಸಿ, ಆ ಮಣ್ಣನ್ನು ಪೂರ್ವದ ಬದಿಗೆ ಒಡ್ಡಾಗಿ ಪೇರಿಸಿದನೆಂದು ಪ್ರತೀತಿ. ಒಡ್ಡನ್ನು ದಾಟಿ ಈಚೆಗೆ ಸಿಕ್ಕ ವೇಲ್ಸ್‌ನವನ ಕಿವಿಯನ್ನು ಕತ್ತರಿಸುತ್ತಿದ್ದರಂತೆ. ಆಚೆಗೆ ಸಿಕ್ಕ ಇಂಗ್ಲಿಷಿನವನನ್ನು ನೇಣಿಗೇರಿಸುತ್ತಿದ್ದರಂತೆ. ಇದು ಜನರ ಬಾಯಲ್ಲಿ ಉಳಿದ ಮಾತು. ಹನ್ನೆರಡು ಶತಮಾನಗಳ ಮಳೆಗೆ ಕರಗಿಯೂ ಆ ಒಡ್ಡು ಕೆಲವೆಡೆ ಇಂದಿಗೂ ಆಳೆತ್ತರಕ್ಕೆ ನಿಂತಿದೆ. ಅದರ ಮೇಲೆ ಓಕ್ ಮರಗಳು ಬೇರೂರಿವೆ.

1971ರಲ್ಲಿ ಈ ಒಡ್ಡಿನ ಹೆಸರಿನಲ್ಲಿಯೇ 177 ಮೈಲಿಗಳ ಒಂದು ಕಾಲುದಾರಿಯನ್ನು ಸಾರ್ವಜನಿಕರಿಗೆ ತೆರೆದರು. 1953ರ ಎವರೆಸ್ಟ್ ಆರೋಹಣ ತಂಡದ ನಾಯಕರಾಗಿದ್ದ ಜಾನ್ ಹಂಟ್ ಅವರು ಅದನ್ನು ನೈಟನ್ ಎಂಬ ಊರಿನಲ್ಲಿ ಉದ್ಘಾಟಿಸಿದರು. ದಕ್ಷಿಣದಲ್ಲಿ ಚೆಪ್‌ಸ್ಟೋ ಪಟ್ಟಣದ ಬಳಿ ಹೊರಟ ಹಾದಿ ಉತ್ತರದ ಸಮುದ್ರತೀರವನ್ನು ಮುಟ್ಟುವ ಮೊದಲು ಗಡಿಯನ್ನು ಇಪ್ಪತ್ತಕ್ಕೂ ಹೆಚ್ಚು ಬಾರಿ ದಾಟುತ್ತದೆ. ಯಾರೂ ತಡೆಯುವುದಿಲ್ಲ, ಕೇಳುವುದಿಲ್ಲ. ನೈಟನ್ ಪಟ್ಟಣ ವೇಲ್ಸ್‌ನಲ್ಲಿದೆ, ಅದರ ರೈಲುನಿಲ್ದಾಣ ಮಾತ್ರ ಇಂಗ್ಲೆಂಡಿನಲ್ಲಿದೆ! ವೇಲ್ಸ್ ಭಾಷೆಯಲ್ಲಿ ಆ ಊರಿನ ಹೆಸರಿಗೆ ಒಡ್ಡಿನ ಮೇಲಿನ ಊರು ಎಂದೇ ಅರ್ಥ. ಪೂರ್ತಿ ಹಾದಿಯನ್ನು ನಡೆಯಲು ಎರಡು ವಾರವಾದರೂ ಬೇಕು. ರಜೆಗೆಂದು ಹೋದವರು ನೈಟನ್‌ನಲ್ಲಿ ತಂಗಿ, ದಿನಕ್ಕೆ ಏಳೆಂಟು ಮೈಲಿ ನಡೆದರೂ ಸಾಕು; ಒಡ್ಡು ಚೆನ್ನಾಗಿ ಉಳಿದಿರುವುದು ಆ ನಡುಭಾಗದಲ್ಲಿಯೇ.

ಈ ಹಾದಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೆರಗುಗೊಳಿಸಿದ ಸಂಗತಿಯೆಂದರೆ, ಅದರ ಬಹುಭಾಗ ಖಾಸಗಿ ಜಮೀನಿನಲ್ಲಿ ಸಾಗುತ್ತದೆ ಎಂಬುದು. ಒಬ್ಬನ ಹುಲ್ಲುಗಾವಲು, ಇನ್ನೊಬ್ಬನ ಗೋಧಿಹೊಲ, ಮತ್ತೊಬ್ಬನ ಮನೆಯಂಗಳ. ಹಳದಿ ಬಾಣದ ಗುರುತಿದ್ದಲ್ಲಿ ನಡೆದುಹೋಗುವ ಹಕ್ಕು ಎಲ್ಲರಿಗೂ ಉಂಟು. ನೀಲಿ ಬಾಣವಿದ್ದರೆ ಕುದುರೆಯ ಮೇಲೂ ಹೋಗಬಹುದು. ಹೊಲವನ್ನು ಉತ್ತ ರೈತನು ಅದರಲ್ಲಿ ಹಾಯುವ ಕಾಲುದಾರಿಯನ್ನು ಮತ್ತೆ ಸರಿಪಡಿಸಿಕೊಡಬೇಕೆಂಬುದು ಕಾನೂನು. ಈ ಹಕ್ಕು ಸುಮ್ಮನೆ ಬಂದದ್ದಲ್ಲ. 1932ರಲ್ಲಿ, ಇಲ್ಲಿಗೆ ದೂರದ ಡರ್ಬಿಷೈರಿನ ಕಿಂಡರ್ ಬೆಟ್ಟವನ್ನು ಕಾರ್ಮಿಕ ಯುವಕರು ಮಾಲೀಕರ ಅಪ್ಪಣೆಯಿಲ್ಲದೆ ಹತ್ತಿದರು. ಅವರಲ್ಲಿ ಐವರು ಸೆರೆಮನೆ ಸೇರಿದರು. 1949ರ ಶಾಸನ ಹಳೆಯ ಹಾದಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ರಕ್ಷಿಸುವ ಏರ್ಪಾಡು ಮಾಡಿತು. ಹಕ್ಕಿನ ಜೊತೆಗೆ ಕರ್ತವ್ಯವೂ ಇದೆ. ತಡಮೆಯನ್ನು ದಾಟುವಾಗ ಬೇಲಿಯನ್ನು ಕೆಡಿಸಬಾರದು, ಗೇಟನ್ನು ಕಂಡಂತೆಯೇ ಬಿಟ್ಟುಹೋಗಬೇಕು, ಕುರಿಗಳು ಮರಿಹಾಕುವ ಕಾಲದಲ್ಲಿ ಅವುಗಳಿಂದ ದೂರ ಸರಿದು ನಡೆಯಬೇಕು.

ಎರಡನೆಯದು ಓದು. ದೇಶ ಸುತ್ತು, ಇಲ್ಲವೇ ಕೋಶ ಓದು ಎಂಬ ಗಾದೆ ನಮ್ಮದು. ಎರಡನ್ನೂ ಒಟ್ಟಿಗೆ ಮಾಡಲು ಈ ಗಡಿಯಲ್ಲಿ ಒಂದು ಊರಿದೆ. ವೈ ನದಿಯ ದಡದ ಹೇ ಎಂಬ ಆ ಊರಿನ ಜನಸಂಖ್ಯೆ ಎರಡು ಸಾವಿರವನ್ನು ಮುಟ್ಟುವುದಿಲ್ಲ. 1960ರ ದಶಕದ ಆರಂಭದಲ್ಲಿ ರಿಚರ್ಡ್ ಬೂತ್ ಎಂಬ ತರುಣ ಅಲ್ಲಿ ಹಳೆಯ ಪುಸ್ತಕಗಳ ಅಂಗಡಿಯನ್ನು ತೆರೆದ. ಒಂದು ಹತ್ತಾಗಿ, ಊರೇ ಪುಸ್ತಕದ ಪೇಟೆಯಾಯಿತು. 1977ರ ಏಪ್ರಿಲ್ 1ರಂದು ಆತ ತನ್ನನ್ನು ಹೇ ಊರಿನ ರಾಜನೆಂದು ಘೋಷಿಸಿಕೊಂಡ. ದಿನಾಂಕವನ್ನು ಗಮನಿಸಿದರೆ ಹಾಸ್ಯ ತಿಳಿಯುತ್ತದೆ. 1988ರಿಂದ ಅಲ್ಲಿ ನಡೆಯುತ್ತಿರುವ ಸಾಹಿತ್ಯೋತ್ಸವ ಲೋಕಪ್ರಸಿದ್ಧ. ಕೋಟೆಯ ಹುಲ್ಲುಹಾಸಿನಲ್ಲಿ ಬಯಲಿಗೇ ಇಟ್ಟ ಪುಸ್ತಕದ ಕಪಾಟುಗಳಿವೆ. ಮಾರುವವರಿಲ್ಲ, ಬೇಕಾದ ಪುಸ್ತಕವನ್ನು ತೆಗೆದುಕೊಂಡು ಪೆಟ್ಟಿಗೆಗೆ ಹಣ ಹಾಕಬೇಕು.

ಅಲ್ಲಿಂದ ಸುಮಾರು 20 ಮೈಲಿ ದೂರದ ಹೆರಿಫರ್ಡ್ ನಗರದ ಪ್ರಧಾನ ಇಗರ್ಜಿಯಲ್ಲಿ ಇದಕ್ಕೆ ತೀರ ವಿರುದ್ಧವಾದ ದೃಶ್ಯವನ್ನು ಕಾಣಬಹುದು. ಹದಿನೇಳನೆಯ ಶತಮಾನದ ಆ ಗ್ರಂಥಾಲಯದಲ್ಲಿ ಒಂದೊಂದು ಪುಸ್ತಕಕ್ಕೂ ಕಬ್ಬಿಣದ ಸರಪಳಿ ಬಿಗಿದಿದ್ದಾರೆ. ಪುಸ್ತಕ ಅಷ್ಟು ದುರ್ಲಭವಾಗಿದ್ದ ಕಾಲವದು. ಅಲ್ಲಿಯೇ ಸುಮಾರು 1300ರ ಜಗತ್ತಿನ ನಕ್ಷೆಯೊಂದಿದೆ. ಒಂದೇ ಕರುವಿನ ಚರ್ಮದ ಮೇಲೆ ಬರೆದ ಆ ನಕ್ಷೆಯಲ್ಲಿ ಪೂರ್ವ ದಿಕ್ಕು ಮೇಲಕ್ಕಿದೆ, ನಡುವೆ ಜೆರೂಸಲೇಮ್ ಇದೆ, ನಮ್ಮ ಇಂಡಿಯ ಮೇಲ್ತುದಿಯಲ್ಲಿ ಸ್ವರ್ಗದ ನೆರೆಯಲ್ಲಿದೆ!

ಮೂರನೆಯದು ನದಿ. ವೇಲ್ಸ್‌ನ ಬೆಟ್ಟಗಳಲ್ಲಿ ಹುಟ್ಟಿ, ಹೇ ಮತ್ತು ಹೆರಿಫರ್ಡ್‌ಗಳನ್ನು ಹಾದು, ಚೆಪ್‌ಸ್ಟೋ ಬಳಿ ಸೆವರ್ನ್ ನದಿಯನ್ನು ಸೇರುವ ವೈ ಈ ಸೀಮೆಯ ಜೀವನಾಡಿ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ 1770ರಲ್ಲಿ ಇಲ್ಲಿ ದೋಣಿಯಲ್ಲಿ ಸಾಗಿ, 1782ರಲ್ಲಿ ತನ್ನ ಪ್ರವಾಸಗ್ರಂಥವನ್ನು ಪ್ರಕಟಿಸಿದ ಮೇಲೆ, ಬರಿಯ ಸೌಂದರ್ಯವನ್ನು ನೋಡಲೆಂದೇ ಪ್ರಯಾಣ ಮಾಡುವ ರೂಢಿ ಬ್ರಿಟನ್ನಿನಲ್ಲಿ ಹಬ್ಬಿತು. 1131ರಲ್ಲಿ ಸ್ಥಾಪಿತವಾಗಿ 1536ರಲ್ಲಿ ಮುಚ್ಚಿಹೋದ ಟಿಂಟರ್ನ್ ಮಠದ ಅವಶೇಷ ಈ ದಡದಲ್ಲಿಯೇ ಇದೆ. ಅದರ ಹೆಸರನ್ನು ಹೊತ್ತ ವರ್ಡ್ಸ್‌ವರ್ತ್ ಕವಿಯ 1798ರ ಕವನವನ್ನು ಕಾಲೇಜಿನಲ್ಲಿ ಓದಿದ ಕನ್ನಡಿಗರಿಗೆ ಆ ನದಿ ಹೊಸದಾಗಿ ತೋರದು. ಹೇ ಊರಿನಿಂದ ಕೆಳಕ್ಕೆ ದೋಣಿ ನಡೆಸುವ ಹಕ್ಕೂ ಸರ್ವರದು. ಬಾಡಿಗೆಗೆ ಕಿರುದೋಣಿಗಳು ಸಿಗುತ್ತವೆ.

ಆದರೆ ಆ ನೀರಿನ ಮುಂದೆ ಕುಳಿತವನು ಒಂದು ಕಹಿಯನ್ನೂ ಅರಿಯಬೇಕು. ಇತ್ತೀಚಿನ ದಶಕಗಳಲ್ಲಿ ನದಿಯ ಜಲಾನಯನದಲ್ಲಿ ಕೋಳಿಸಾಕಣೆ ಅಪಾರವಾಗಿ ಬೆಳೆದಿದೆ. ಹೊಲಕ್ಕೆ ಹಾಕಿದ ಗೊಬ್ಬರದ ರಂಜಕ ಮಳೆಯೊಡನೆ ಹರಿದು ನದಿಗಿಳಿಯುತ್ತದೆ. ಊರುಗಳ ಕೊಳಚೆಯೂ ಸೇರುತ್ತದೆ. ಬೇಸಗೆಯಲ್ಲಿ ಪಾಚಿ ಹಬ್ಬಿ ನೀರು ಹಸುರಾಗುತ್ತದೆ, ತಳಕ್ಕೆ ಬೆಳಕು ಹೋಗದೆ ಬಿಳಿಯ ಹೂ ಬಿಡುವ ನೀರುಬಳ್ಳಿಗಳು ಸಾಯುತ್ತವೆ, ಅವುಗಳ ಆಸರೆಯ ಹುಳುಮೀನುಗಳಿಗೂ ನೆಲೆ ತಪ್ಪುತ್ತದೆ. ಹೆಸರಾಂತ ಸಾಲ್ಮನ್ ಮೀನು ವಿರಳವಾಗಿದೆ. 2023ರಲ್ಲಿ ಇಂಗ್ಲೆಂಡಿನ ಪ್ರಕೃತಿ ಸಂರಕ್ಷಣಾ ಸಂಸ್ಥೆ ನದಿಯ ಸ್ಥಿತಿ ಕೆಟ್ಟಿದೆ, ಇನ್ನೂ ಕೆಡುತ್ತಿದೆ ಎಂದು ದಾಖಲಿಸಿತು. ದಡದ ನಾಗರಿಕರು ತಾವೇ ಸೀಸೆ ಹಿಡಿದು ನೀರನ್ನು ಪರೀಕ್ಷಿಸತೊಡಗಿದ್ದಾರೆ. ನಡೆಯುವ ಹಕ್ಕನ್ನು ಪಡೆಯಲು ಒಂದು ತಲೆಮಾರು ಹೋರಾಡಿತು. ನದಿಯನ್ನು ಉಳಿಸುವ ಹೊಣೆ ಇಂದಿನವರಿಗೆ ಬಂದಿದೆ.

ಹೋಗಬಯಸುವವರಿಗೆ ಒಂದೆರಡು ಮಾತು. ಮೇ, ಜೂನ್, ಸೆಪ್ಟೆಂಬರ್ ತಿಂಗಳುಗಳು ಒಳ್ಳೆಯವು. ಯಾವ ತಿಂಗಳಾದರೂ ಮಳೆಯಂಗಿ, ಗಟ್ಟಿಯಾದ ಪಾದರಕ್ಷೆ, ಕಾಲುದಾರಿಗಳನ್ನು ತೋರಿಸುವ ಸರ್ಕಾರಿ ಭೂಪಟ ಇವು ಕೈಯಲ್ಲಿರಲಿ. ನೈಟನ್‌ಗೆ ರೈಲುಗಳು ದಿನಕ್ಕೆ ಕೆಲವೇ. ಹಳ್ಳಿಯ ಬಸ್ಸುಗಳು ಅದಕ್ಕಿಂತ ಅಪರೂಪ. ರೈತರ ಮನೆಗಳಲ್ಲಿ ಹಾಸಿಗೆಯೂ ಬೆಳಗಿನ ಉಪಾಹಾರವೂ ದೊರೆಯುತ್ತವೆ. ಉಪಾಹಾರದ ಹೊತ್ತಿಗೆ ಮನೆಯವರೊಡನೆ ಮಾತಿಗೆ ಕೂತರೆ, ಯಾವ ಹಾದಿಯಲ್ಲಿ ಕೆಸರಿದೆ, ಯಾವ ಗೇಟು ಜಾಮಾಗಿದೆ, ಈ ವರ್ಷ ನದಿ ಹೇಗಿದೆ ಎಂಬುದೆಲ್ಲ ತಿಳಿಯುತ್ತದೆ. ಯಾವ ಕೈಪಿಡಿಯಲ್ಲಿಯೂ ಅದು ಸಿಗಲಾರದು.