ಊರ ಮನೆ ಮಾರ್ತೀರಾ? ದರ ಇಳಿಸೋ ಮೊದಲು ಕಾಗದಪತ್ರ ನೋಡ್ಕೊಳ್ಳಿ

ಶಿರಸಿ: ಮಕ್ಕಳು ಬೆಂಗಳೂರಲ್ಲಿ, ಊರಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆ ಮಾರೋ ಮಾತು ಹೀಗೇ ಶುರುವಾಗುತ್ತದೆ. ಆದರೆ ಹಳ್ಳಿ ಮನೆಗೆ ಗಿರಾಕಿ ಸಿಗೋದೇ ಅಪರೂಪ. ಬಂದವರು ಕಾಗದಪತ್ರ ಸರಿಯಿಲ್ಲ ಅಂತ ವಾಪಸ್ ಹೋದರೆ ಇನ್ನೊಬ್ಬರು ಬರೋದು ಯಾವಾಗಲೋ! ಹಾಗಾಗಿ ಮೊದಲು ಇಷ್ಟು ಮಾಡಿ.

• ಇ-ಖಾತೆ: ಗ್ರಾಮ ಪಂಚಾಯತ ವ್ಯಾಪ್ತಿಯಲ್ಲಿ ಇ-ಸ್ವತ್ತು, ಪೇಟೆಯಲ್ಲಾದರೆ ಇ-ಆಸ್ತಿ ಖಾತೆ ಮಾಡಿಸಿ. ಇದಿಲ್ಲದೆ ಮನೆ ನೋಂದಣಿ ಆಗದು.

• ಹಿಸ್ಸೆ: 2005ರ ತಿದ್ದುಪಡಿ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಸಮಪಾಲು. ಅಕ್ಕ-ತಂಗಿಯರ ಜೊತೆ ಮೊದಲೇ ಮಾತಾಡಿ, ಸಹಿಗೆ ಒಪ್ಪಿಸಿ.

• ಬೆಟ್ಟ: ಸೊಪ್ಪಿನ ಬೆಟ್ಟ ಸ್ವಂತ ಆಸ್ತಿಯಲ್ಲ, ತೋಟಕ್ಕೆ ಸೊಪ್ಪು-ದರಕು ತರಲು ಇರುವ ಸೌಲಭ್ಯ. ಪಟ್ಟಾ ಇಲ್ಲದ ಅತಿಕ್ರಮಣ ಜಾಗವನ್ನೂ ಮಾರುವಂತಿಲ್ಲ. ಎರಡನ್ನೂ ವಿಸ್ತೀರ್ಣಕ್ಕೆ ಸೇರಿಸಿ ಹೇಳಬೇಡಿ.

• ನಕ್ಷೆ: ಸರ್ವೆ ನಂಬರಿನ ಒಂದು ಭಾಗ ಮಾತ್ರ ಮಾರೋದಾದರೆ 11-ಇ ನಕ್ಷೆ ಬೇಕು. ಅಳತೆಗೆ ಸಮಯ ಹಿಡಿಯುತ್ತದೆ, ಈಗಲೇ ಅರ್ಜಿ ಕೊಡಿ.

• ದರ: 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಚೌಕಾಸಿ ವೇಳೆ ಗಿರಾಕಿ ಇದನ್ನೂ ಲೆಕ್ಕ ಹಾಕ್ತಾರೆ, ನೆನಪಿರಲಿ.

• ಮುಂಗಡ: 20 ಸಾವಿರ ರೂ. ಅಥವಾ ಹೆಚ್ಚು ನಗದು ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಬ್ಯಾಂಕ್ ಮೂಲಕವೇ ಪಡೆಯಿರಿ.

ಮನೆ ಖಾಲಿ ಇದ್ದರೆ ಹದಿನೈದು ದಿನಕ್ಕೊಮ್ಮೆ ಬಾಗಿಲು ತೆಗೆಸಿ, ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಿ. ಸೋರುವ, ಗೆದ್ದಲು ಹಿಡಿದ ಮನೆಗೆ ಯಾರೂ ಒಳ್ಳೆ ದರ ಕೊಡರು.

ಕೊನೆಯದಾಗಿ, ಮನೆ ಮಾರಿದ ಮೇಲೆ ಅಪ್ಪ-ಅಮ್ಮ ಎಲ್ಲಿರಬೇಕು ಅನ್ನೋದು ಅವರನ್ನೇ ಕೇಳಿ ತೀರ್ಮಾನಿಸಿ. ಮುಂಗಡ ಆಮೇಲೆ ತಗೊಳ್ಳಿ.