ರಾಜ್ಯಪಾಲರ ಸಹಿಯೂ ಒಂದು ಅಮಾನತ್

"ಉಸ್ತಾದ್, ಈ ರಾಜ್ಯಪಾಲರಿಗೆ ಕೆಲಸ ಏನು?" ಮದ್ರಸದ ದೊಡ್ಡ ತರಗತಿಯ ಮಕ್ಕಳು ಹೀಗೆ ಕೇಳಿದರೆ ನಾವು ಕೊಡುವ ಉತ್ತರ ಒಂದೇ: ಪ್ರಮಾಣ ವಚನ ಬೋಧಿಸುತ್ತಾರೆ, ಘಟಿಕೋತ್ಸವಕ್ಕೆ ಬರುತ್ತಾರೆ. ಅಷ್ಟೇನಾ? ನಮ್ಮ ರಾಜ್ಯದ ಈಚಿನ ಚರಿತ್ರೆ ನೋಡಿದರೆ ಅಷ್ಟೇ ಅಲ್ಲ ಅಂತ ಗೊತ್ತಾಗುತ್ತದೆ.

ನಮ್ಮ ಹಿರಿಯರಿಗೆ ಖುರ್ಷಿದ್ ಆಲಂ ಖಾನ್ ಅವರ ಹೆಸರು ನೆನಪಿರಬಹುದು. ರಾಷ್ಟ್ರಪತಿಯಾಗಿದ್ದ ಡಾ. ಝಾಕಿರ್ ಹುಸೇನರ ಅಳಿಯ. 1991ರಿಂದ 1999ರವರೆಗೆ, ಹೆಚ್ಚುಕಡಿಮೆ ಒಂಬತ್ತು ವರ್ಷ, ಕರ್ನಾಟಕದ ರಾಜ್ಯಪಾಲರಾಗಿದ್ದರು. ಅವರ ಕಾಲದಲ್ಲಿ ವೀರಪ್ಪ ಮೊಯ್ಲಿ, ದೇವೇಗೌಡ, ಜೆ.ಎಚ್. ಪಟೇಲ್, ಎಸ್.ಎಂ. ಕೃಷ್ಣ ಒಬ್ಬರ ನಂತರ ಒಬ್ಬರು ಮುಖ್ಯಮಂತ್ರಿಗಳಾದರು. ಪಕ್ಷಗಳು ಬದಲಾದವು. ಆದರೆ ಒಮ್ಮೆಯೂ ರಾಷ್ಟ್ರಪತಿ ಆಳ್ವಿಕೆ ಬರಲಿಲ್ಲ. ಇದೂ ಸಾಧನೆಯೇ ಅಲ್ಲವೇ? ಅವರ ನಂತರ ಬಂದ ವಿ.ಎಸ್. ರಮಾದೇವಿ ರಾಜ್ಯದ ಮೊದಲ ಮಹಿಳಾ ರಾಜ್ಯಪಾಲರು. ಅದಕ್ಕೂ ಮೊದಲು ದೇಶದ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು.

ಎಲ್ಲ ಕಾಲವೂ ಹೀಗೆ ಶಾಂತವಾಗಿರಲಿಲ್ಲ. 1989ರಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯನವರ ವರದಿಯ ಮೇಲೆ ಎಸ್.ಆರ್. ಬೊಮ್ಮಾಯಿ ಸರಕಾರ ವಜಾ ಆಯಿತು. ಬೊಮ್ಮಾಯಿ ಸುಮ್ಮನಿರಲಿಲ್ಲ, ಕೋರ್ಟಿಗೆ ಹೋದರು. ಬಹುಮತ ಇದೆಯೋ ಇಲ್ಲವೋ ಎಂಬುದು ತೀರ್ಮಾನವಾಗಬೇಕಾದ್ದು ವಿಧಾನಸಭೆಯಲ್ಲಿ, ರಾಜಭವನದಲ್ಲಲ್ಲ ಎಂದು 1994ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಇಡೀ ದೇಶಕ್ಕೆ ದಾರಿ ತೋರಿಸಿದ ತೀರ್ಪು ಹುಟ್ಟಿದ್ದು ನಮ್ಮ ರಾಜ್ಯದ ಪ್ರಕರಣದಿಂದ.

2011ರಲ್ಲಿ ಎಚ್.ಆರ್. ಭಾರದ್ವಾಜ್ ರಾಷ್ಟ್ರಪತಿ ಆಳ್ವಿಕೆಗೆ ಶಿಫಾರಸು ಮಾಡಿದರು, ಕೇಂದ್ರ ಒಪ್ಪಲಿಲ್ಲ. 2018ರಲ್ಲಿ ವಜೂಭಾಯಿ ವಾಲಾ ಬಹುಮತ ಸಾಬೀತಿಗೆ ಯಡಿಯೂರಪ್ಪನವರಿಗೆ 15 ದಿನ ಕೊಟ್ಟರು. ಮರುದಿನವೇ ಮಾಡಿ ತೋರಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ಕೇಂದ್ರದಲ್ಲಿ ಯಾವ ಪಕ್ಷ ಇದ್ದರೂ ಈ ತಕರಾರು ತಪ್ಪಿದ್ದಲ್ಲ.

ಇದೆಲ್ಲ ಬೆಂಗಳೂರಿನ ವಿಷಯ, ನಮಗೇನು ಅಂತ ಕೇಳುವವರಿದ್ದಾರೆ. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಂದು ಮಸೂದೆ ಪಾಸು ಮಾಡಿತು. 2 ಕೋಟಿ ರೂಪಾಯಿವರೆಗಿನ ಸರಕಾರಿ ಕಾಮಗಾರಿಗಳ ಗುತ್ತಿಗೆಯಲ್ಲಿ ಪ್ರವರ್ಗ 2ಬಿ, ಅಂದರೆ ಮುಸ್ಲಿಮರಿಗೆ, ಶೇಕಡಾ 4 ಮೀಸಲಾತಿ. ರಾಜ್ಯಪಾಲ ಥಾವರ್‌ಚಂದ್ ಗೆಹ್ಲೋಟ್ ಸಹಿ ಹಾಕಲಿಲ್ಲ. ಧರ್ಮದ ಆಧಾರದ ಮೀಸಲಾತಿಗೆ ಸಂವಿಧಾನದಲ್ಲಿ ಅವಕಾಶವಿಲ್ಲ ಎಂಬ ಕಾರಣಕ್ಕೆ ಏಪ್ರಿಲ್‌ನಲ್ಲಿ ಅದನ್ನು ರಾಷ್ಟ್ರಪತಿಗಳಿಗಾಗಿ ಕಾದಿರಿಸಿದರು. ಇದು ಹಿಂದುಳಿದ ವರ್ಗದ ಪಟ್ಟಿಯ ಲೆಕ್ಕ, ಧರ್ಮದ್ದಲ್ಲ ಎನ್ನುವುದು ಇನ್ನೊಂದು ವಾದ. ನಮ್ಮಲ್ಲಿ ಸಣ್ಣಪುಟ್ಟ ಗುತ್ತಿಗೆ ಮಾಡಿ ಮನೆ ನಡೆಸುವವರು ಎಷ್ಟೋ ಜನ. ಅವರ ಹೊಟ್ಟೆಪಾಡಿನ ಕಾಗದ ಒಂದು ಸಹಿಯ ಬಳಿ ನಿಂತಿತು.

ಕಚೇರಿಯ ಕನ್ನಡದಲ್ಲಿ ಅಮಾನತು ಅಂದರೆ ಕೆಲಸದಿಂದ ದೂರ ಇಡುವುದು. ನಮ್ಮ ಪಾಠದಲ್ಲಿ ಅಮಾನತ್ ಅಂದರೆ ನಂಬಿ ಒಪ್ಪಿಸಿದ ವಸ್ತು. ಸೂರಃ ಅನ್ನಿಸಾದಲ್ಲಿ ಅಮಾನತ್ ಮತ್ತು ನ್ಯಾಯದ ಮಾತು ಒಟ್ಟಿಗೇ ಬರುತ್ತದೆ. ರಾಜ್ಯಪಾಲರನ್ನು ಅಳೆಯಲೂ ಇದೇ ಅಳತೆಗೋಲು ಸಾಕು: ಎಷ್ಟು ಕಟ್ಟಡ ಉದ್ಘಾಟಿಸಿದರು ಎಂದಲ್ಲ, ಕೈಗೆ ಬಂದ ಕಾಗದದ ಜೊತೆ ಹೇಗೆ ನಡೆದುಕೊಂಡರು ಅಂತ.

ಇನ್ನು ಮಕ್ಕಳು ಕೇಳಿದರೆ ನಾವು ಇಷ್ಟನ್ನಾದರೂ ಹೇಳೋಣ. ಬೊಮ್ಮಾಯಿ ಕೋರ್ಟಿಗೆ ಹೋದ ಕಥೆಯನ್ನೂ ಮರೆಯದೆ ಹೇಳೋಣ.