ಎಕ್ಸಾಸ್ಟ್ ಪ್ಯಾಕಿಂಗಿನ ವಿಚಾರ

ಐವತ್ತರ ದಶಕದ ಉತ್ತರಾರ್ಧದಿಂದ 2014ರವರೆಗೆ ಕಲಕತ್ತೆಯ ಸಮೀಪದ ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರು ಮಂತ್ರಿಗಳಿಗೂ ಟ್ಯಾಕ್ಸಿ ಚಾಲಕರಿಗೂ ಭೇದವಿಲ್ಲದೆ ಸೇವೆ ಸಲ್ಲಿಸಿದುದು ಸರ್ವವಿದಿತ. ಆದರೆ ಬಹುಕಾಲ ಅದನ್ನು ನಡೆಸಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು ಇಂಗ್ಲೆಂಡಿನ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ವಂಶಕ್ಕೆ ಸೇರಿದುದೆಂದೂ, ಅದೇ ವಂಶದ 1798 ಸಿ.ಸಿ. ಎಂಜಿನ್ನು 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಸ್ಪೋರ್ಟ್ಸ್ ಕಾರನ್ನು ಓಡಿಸಿತೆಂದೂ ಬಲ್ಲವರು ವಿರಳ. ಈ ಕಾರುಗಳನ್ನು ಇಂದಿಗೂ ಮಮತೆಯಿಂದ ಕಾಪಾಡಿಕೊಂಡು ಬಂದಿರುವವರಿಗೆ ಒಂದಲ್ಲ ಒಂದು ದಿನ ಎದುರಾಗುವ ತೊಂದರೆಯೆಂದರೆ, ಎಂಜಿನ್ನಿನ ಹೆಡ್ಡಿಗೂ ಹೊಗೆಯನ್ನು ಹೊರಗೊಯ್ಯುವ ಮ್ಯಾನಿಫೋಲ್ಡಿಗೂ ನಡುವಣ ಗ್ಯಾಸ್ಕೆಟ್, ಅಂದರೆ ಗ್ಯಾರೇಜಿನವರು ಪ್ಯಾಕಿಂಗ್ ಎನ್ನುವ ತೆಳುವಾದ ಹಾಳೆ, ಸುಟ್ಟು ಸೋರತೊಡಗುವುದು.

ಬೆಳಗ್ಗೆ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದೊಡನೆ ಟಿಕ್ ಟಿಕ್ ಎಂಬ ಸದ್ದು ಕೇಳಿಬಂದು, ಎಂಜಿನ್ ಕಾದಂತೆಲ್ಲ ಲೋಹ ಹಿಗ್ಗಿ ಸಂದು ಕೂಡಿಕೊಂಡು ಆ ಸದ್ದು ತಾನಾಗಿ ಅಡಗುವುದರಿಂದ, ಎಷ್ಟೋ ಮಂದಿ ಅದನ್ನು ಟ್ಯಾಪೆಟ್ಟಿನ ಸದ್ದೆಂದು ಭ್ರಮಿಸುತ್ತಾರೆ. ಸಂದಿನ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಕಂಡಿತಾದರೆ ಸಂಶಯಕ್ಕೆ ಎಡೆಯಿಲ್ಲ. ಇದನ್ನು ಕೇವಲ ಸದ್ದಿನ ಕಿರುಕುಳವೆಂದು ಉಪೇಕ್ಷಿಸಲಾಗದು. ಸೋರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮತ್ತು ಹಳೆಯ ಕಾರಿನ ಮುಂಗೋಡೆಯ ಸಣ್ಣಪುಟ್ಟ ರಂಧ್ರಗಳ ಮೂಲಕ ಅದು ಒಳಗೆ ನುಸುಳಿ, ಕುಳಿತವರಿಗೆ ತಲೆನೋವನ್ನೂ ಮಂಪರನ್ನೂ, ಅತಿಯಾದರೆ ಮರಣವನ್ನೂ ತರಬಲ್ಲದು.

ಈ ಪ್ಯಾಕಿಂಗು ಹೊತ್ತ ಹೊಣೆ ಎಷ್ಟು ಕಠಿನವಾದುದೆಂಬುದನ್ನು ಅರಿಯಬೇಕಾದರೆ ಉಷ್ಣದ ಲೆಕ್ಕವನ್ನು ನೋಡಬೇಕು. ಒಂದು ಪಕ್ಕದಲ್ಲಿ ನೀರಿನಿಂದ ತಂಪಾಗುತ್ತಿರುವ ಹೆಡ್ಡು. ಮತ್ತೊಂದು ಪಕ್ಕದಲ್ಲಿ, 600 ಡಿಗ್ರಿ ಸೆಲ್ಷಿಯಸ್ಸನ್ನೂ ಮೀರಬಲ್ಲ ಅನಿಲವನ್ನು ಹೊರುವ ಬೀಡುಕಬ್ಬಿಣದ ಮ್ಯಾನಿಫೋಲ್ಡು. ಬಂಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುವ ಕಮ್ಮಾರನು ಕಾದ ಲೋಹ ಹಿಗ್ಗುವುದನ್ನು ತನ್ನ ಅನುಕೂಲಕ್ಕೆ ಬಳಸಿಕೊಳ್ಳುತ್ತಾನೆ; ಇಲ್ಲಿ ಅದೇ ಗುಣ ಪ್ರತಿಕೂಲವಾಗುತ್ತದೆ. 40 ಸೆಂಟಿಮೀಟರ್ ಉದ್ದದ ಬೀಡುಕಬ್ಬಿಣವು 400 ಡಿಗ್ರಿಯಷ್ಟು ಕಾದರೆ ಒಂದೂವರೆ ಮಿಲಿಮೀಟರಿಗೂ ಮಿಗಿಲಾಗಿ ಉದ್ದವಾಗುತ್ತದೆ. ಹೆಡ್ಡು ಅಷ್ಟು ಹಿಗ್ಗದಾದ್ದರಿಂದ, ಪ್ರತಿ ಪಯಣದಲ್ಲಿಯೂ ಒಂದು ಮುಖ ಇನ್ನೊಂದರ ಮೇಲೆ ಜಾರಿ, ತಣಿದಾಗ ಹಿಂದಕ್ಕೆ ಸರಿಯುತ್ತದೆ. ಆದಕಾರಣ ಒಳ್ಳೆಯ ಪ್ಯಾಕಿಂಗು ಅನಿಲವನ್ನು ತಡೆಯುವುದರೊಂದಿಗೆ ಲೋಹದ ಈ ಚಲನೆಗೆ ಅವಕಾಶವನ್ನೂ ಕೊಡಬೇಕು. ಒಂದು ಬದಿಗೆ ಲೋಹದ ಹೊದಿಕೆಯುಳ್ಳ ಪ್ಯಾಕಿಂಗುಗಳಲ್ಲಿ ಆ ಬದಿಯನ್ನು ಮ್ಯಾನಿಫೋಲ್ಡಿನ ಕಡೆಗೆ ಇಡುವ ವಾಡಿಕೆಗೆ ಇದೇ ಕಾರಣ.

ಸೋರಿಕೆ ಕಂಡಾಗ ಕೆಂಪು ಸಿಲಿಕೋನ್ ಅಂಟನ್ನು ಧಾರಾಳವಾಗಿ ಬಳಿಯುವ ಪದ್ಧತಿಯನ್ನು ನಾನು ಒಪ್ಪಲಾರೆ. ಸುಮಾರು 300 ಡಿಗ್ರಿಯವರೆಗೆ ತಾಳುವ ಆ ಪದಾರ್ಥವು ಹೊಗೆಯ ದ್ವಾರದ ಬಾಯಲ್ಲಿ ಕರಕಲಾಗಿ ಹೋಗುವುದು ನಿಶ್ಚಯ. ದೋಷವು ಪ್ರಾಯಶಃ ಪ್ಯಾಕಿಂಗಿನದಲ್ಲ, ಮುಖಗಳದು. ಮ್ಯಾನಿಫೋಲ್ಡನ್ನು ಕಳಚಿ, ಮುಖವನ್ನು ಶುಚಿಗೊಳಿಸಿ, ನೇರವಾದ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಇಟ್ಟು ಅಡಿಯಲ್ಲಿ ಫೀಲರ್ ಗೇಜನ್ನು ತೂರಿಸಿ ನೋಡಬೇಕು. ಕಾಲು ಮಿಲಿಮೀಟರಿನ ಎಲೆಯೂ ಒಳಹೋಗುವಷ್ಟು ಡೊಂಕಿದ್ದರೆ ಮೆಷಿನ್ ಶಾಪಿನಲ್ಲಿ ಮುಖವನ್ನು ಸಮಮಾಡಿಸದೆ ಬೇರೆ ದಾರಿಯಿಲ್ಲ. ಶುಚಿಗೊಳಿಸುವವರು ಒಂದು ಮಾತನ್ನು ಅವಶ್ಯವಾಗಿ ಗಮನಿಸಬೇಕು: ಹಳೆಯ ಪ್ಯಾಕಿಂಗುಗಳಲ್ಲಿ ಕಲ್ನಾರು ಇರುವುದು ಸಾಮಾನ್ಯ. ಒಣಗಿದುದನ್ನು ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಘಾತಕ. ಅದನ್ನು ಚೆನ್ನಾಗಿ ಒದ್ದೆಮಾಡಿ ಮೆಲ್ಲಗೆ ಎಬ್ಬಿಸಬೇಕು. ಗಾಳಿ ಹೊಡೆದು ಹಾರಿಸಲೇಕೂಡದು. ಗ್ಯಾರೇಜುಗಳಲ್ಲಿ ಈ ಕೆಲಸ ಹುಡುಗರ ಪಾಲಿಗೆ ಬರುವುದರಿಂದ ಈ ಎಚ್ಚರವನ್ನು ಒತ್ತಿ ಹೇಳಬೇಕಾಗಿದೆ.

ಬಿ-ಸೀರೀಸ್ ಎಂಜಿನ್ನಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಅದರ ಹೆಡ್ಡಿನ ಒಂದೇ ಪಾರ್ಶ್ವದಲ್ಲಿ ಐದು ದ್ವಾರಗಳು: ಹೊಗೆಗೆ ಮೂರು, ಅವುಗಳ ನಡುನಡುವೆ ಪೆಟ್ರೋಲ್ ಮಿಶ್ರಿತ ಗಾಳಿ ಒಳಬರಲು ಎರಡು. ಎಂ.ಜಿ.ಬಿ.ಯಲ್ಲಿ ಒಳಬರುವ ಕೊಳವೆ ಅಲ್ಯೂಮಿನಿಯಮ್ಮಿನದು, ಹೊರಹೋಗುವುದು ಬೀಡುಕಬ್ಬಿಣದ್ದು. ಇವೆರಡರ ಅಂಚುಗಳನ್ನೂ ಒಂದೇ ದಪ್ಪ ವಾಷರು ಒಟ್ಟಿಗೆ ಅದುಮಿ ಹಿಡಿಯುತ್ತದೆ. ಒಂದರ ಅಂಚು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ತೆಳುವಾದರೂ ವಾಷರು ದಪ್ಪನೆಯ ಅಂಚಿನ ಮೇಲೆ ಮಾತ್ರ ಕುಳಿತು, ಮತ್ತೊಂದು ಸಡಿಲವಾಗಿಯೇ ಉಳಿಯುತ್ತದೆ. ನಟ್ಟನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹೊಸ ಪ್ಯಾಕಿಂಗನ್ನು ಮತ್ತೆ ಮತ್ತೆ ಹಾಕಿಯೂ ಸೋರಿಕೆ ನಿಲ್ಲದಿದ್ದರೆ, ನೋಡಬೇಕಾದ ಸ್ಥಾನ ಇದು. ಅಂಚುಗಳ ದಪ್ಪವನ್ನು ಅಳೆದು, ಮಿಗಿಲಾದುದನ್ನು ತೇಯಿಸಿ ಸರಿಹೊಂದಿಸಬೇಕು, ಇಲ್ಲವೇ ವಾಷರಿನ ಒಂದು ಮಗ್ಗುಲನ್ನು ಅರದಿಂದ ತೇಯ್ದು ಮೆಟ್ಟಿಲು ಮಾಡಬೇಕು.

ಬೀಡಿನ ಬದಲು ಉಕ್ಕಿನ ಕೊಳವೆಗಳ ಹೆಡರನ್ನು ತೊಡಿಸುವವರಿಗೆ ಈ ತೊಡಕು ಇಮ್ಮಡಿ. ಅವುಗಳ ಅಂಚು ಬೀಡಿನ ಅಂಚಿನಷ್ಟೇ ದಪ್ಪವಾಗಿರುವುದು ಅಪರೂಪ, ಮೇಲಾಗಿ ಬೆಸುಗೆಯ ಶಾಖಕ್ಕೆ ಅದು ಬಾಗಿರುವುದೂ ಉಂಟು. ಹೊಸದೆಂಬ ನಂಬಿಕೆಯಿಂದ ಅಳೆಯದೆ ಜೋಡಿಸಬಾರದು.

ಬಿಗಿಯುವ ಕಾರ್ಯದಲ್ಲಿ ತೋಳ್ಬಲಕ್ಕಿಂತ ತಾಳ್ಮೆ ಮುಖ್ಯ. ನಡುವಣ ನಟ್ಟಿನಿಂದ ಆರಂಭಿಸಿ ಎರಡು ಕಡೆಯ ತುದಿಗಳಿಗೆ ಸಾಗುತ್ತ, ಒಂದೇ ಸಲಕ್ಕೆ ಪೂರ್ತಿ ಬಿಗಿಯದೆ ಸುತ್ತುಸುತ್ತಾಗಿ ಬಿಗಿಯಬೇಕು, ಎಂ.ಜಿ.ಬಿ.ಗೆ ಸುಮಾರು 15 ಪೌಂಡ್-ಅಡಿಯಷ್ಟು ಬಲ ಸಾಕು. ಹಿತ್ತಾಳೆಯ ನಟ್ಟುಗಳನ್ನು ಬಳಸಿದರೆ ಅವು ಉಕ್ಕಿನ ಸ್ಟಡ್ಡಿಗೆ ತುಕ್ಕಿನಿಂದ ಕಚ್ಚಿಕೊಳ್ಳವು. ಅನಂತರ ಎಂಜಿನ್ನನ್ನು ಚೆನ್ನಾಗಿ ಕಾಯುವಷ್ಟು ಓಡಿಸಿ, ಪೂರ್ಣವಾಗಿ ತಣಿಯಗೊಟ್ಟು, ಅದೇ ಕ್ರಮದಲ್ಲಿ ಇನ್ನೊಮ್ಮೆ ಬಿಗಿಯಬೇಕು. ಏಕೆಂದರೆ ಪ್ಯಾಕಿಂಗು ಮೊದಲ ಶಾಖಕ್ಕೆ ತುಸು ಅಮುಕಿ ಕುಳಿತು, ಆವರೆಗೆ ಬಿಗಿಯಾಗಿದ್ದ ನಟ್ಟುಗಳೆಲ್ಲ ಸಡಿಲಗೊಂಡಿರುತ್ತವೆ.